ಹಳೆ ಕಂಪ್ಯೂಟರಿನಲ್ಲಿ ಮುಕ್ತ ತಂತ್ರಾಂಶದ ಲ್ಯಾಬ್: ಮೊದಲ ಸಲ ಮೌಸ್ ಹಿಡಿಯುವ ಮಕ್ಕಳಿಗಾಗಿ ಸಮಗ್ರ ಮಾರ್ಗದರ್ಶಿ

ಯಾರೋ ಹತ್ತು ಹಳೆ ಕಂಪ್ಯೂಟರ್ ಕೊಡುತ್ತಾರೆ. ಉತ್ಸಾಹದಲ್ಲಿ ಒಂದೇ ದಿನ ಹತ್ತಕ್ಕೂ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಮುಕ್ತ ಕಾರ್ಯವ್ಯವಸ್ಥೆ) ಹಾಕಿ, ಕಣ್ಣಿಗೆ ಕಂಡ ಶೈಕ್ಷಣಿಕ ತಂತ್ರಾಂಶವನ್ನೆಲ್ಲ ತುಂಬಿ, ಫೋಟೋ ತೆಗೆದುಕೊಂಡು ಬರುತ್ತೇವೆ. ಕೆಲವೇ ತಿಂಗಳಲ್ಲಿ ಅರ್ಧ ಯಂತ್ರಗಳು ಆನ್ ಆಗುವುದಿಲ್ಲ, ಒಂದೆರಡರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಉಳಿದವಕ್ಕೆ ಬಟ್ಟೆ ಹೊದಿಸಿಟ್ಟಿದ್ದಾರೆ. ಆಮೇಲೆ "ಲಿನಕ್ಸ್ ಮಕ್ಕಳಿಗೆ ಕಷ್ಟ ರೀ" ಅನ್ನುವ ಮಾತು ಶುರುವಾಗುತ್ತದೆ. ಇದರಲ್ಲಿ ಲಿನಕ್ಸ್‌ನ ತಪ್ಪು ತೀರಾ ಕಡಿಮೆ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಯಂತ್ರ ಪೂರ್ತಿ ಸರಿಯಾಗಿ, ಅದರ ಮುಂದೆ ಮಕ್ಕಳು ಕೂತು ನೋಡುವವರೆಗೆ ಎರಡನೆಯದಕ್ಕೆ ಏನೂ ಇನ್‌ಸ್ಟಾಲ್ ಮಾಡಬೇಡಿ.

ಮೊದಲು ಕೈಯಲ್ಲಿ ಇರಬೇಕಾದ್ದು

ಎರಡು ಪೆನ್ ಡ್ರೈವ್, ಒಂದು ಹೊರಗಿನ ಹಾರ್ಡ್ ಡಿಸ್ಕ್, ಸ್ಕ್ರೂಡ್ರೈವರ್, ಧೂಳು ತೆಗೆಯಲು ಒಣ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್ (ತಮಾಷೆಯಲ್ಲ, ಕೆಲಸ ಮುಂದೆ ಇದೆ), ಸಿಆರ್ 2032 ನಂಬರಿನ ನಾಣ್ಯದಂಥ ಸೆಲ್‌ಗಳು, ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್, ಎರಡು ಮೂರು ಹೆಚ್ಚುವರಿ ಮೌಸ್, ಒಂದು ನೋಟ್‌ಬುಕ್. ಜಾಸ್ತಿ ಕೆಡುವುದು ಮೌಸ್. ಅದು ಕೆಟ್ಟ ದಿನ ಇನ್ನೊಂದು ಇಲ್ಲದಿದ್ದರೆ ಆ ಯಂತ್ರ ಸುಮ್ನೆ ಮೂಲೆ ಸೇರುತ್ತದೆ.

1. ಯಾರು ಕಲಿಸುತ್ತಾರೆ ಅನ್ನುವುದನ್ನು ಮೊದಲು ಗೊತ್ತುಮಾಡಿ

ತಂತ್ರಾಂಶ ಯಾವುದು ಅನ್ನುವುದಕ್ಕಿಂತ ಮುಂಚೆ ಮೂರು ಪ್ರಶ್ನೆಗೆ ಉತ್ತರ ಬೇಕು. ಮಕ್ಕಳ ವಯಸ್ಸೆಷ್ಟು? ವಾರಕ್ಕೆ ಪ್ರತಿ ಮಗುವಿಗೆ ಎಷ್ಟು ಹೊತ್ತು ಸಿಗುತ್ತದೆ? ನೀವು ಇಲ್ಲದ ದಿನ ಬಾಗಿಲು ತೆಗೆಯುವವರು ಯಾರು? ಮೂರನೆಯದಕ್ಕೆ ಹೆಸರು ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಆ ವ್ಯಕ್ತಿಗೆ ಕಂಪ್ಯೂಟರ್ ಬರಲೇಬೇಕೆಂದೇನಿಲ್ಲ. ಆದರೆ ಮುಂದಿನ ಪ್ರತಿ ಹಂತದಲ್ಲೂ ಅವರು ಪಕ್ಕದಲ್ಲಿ ಕೂತಿರಬೇಕು, ಕೆಲವು ಕಡೆ ಕೀಬೋರ್ಡ್ ಅವರ ಕೈಯಲ್ಲೇ ಇರಬೇಕು.

2. ಯಂತ್ರಗಳನ್ನು ಬೇರ್ಪಡಿಸಿ

ಬಂದದ್ದನ್ನೆಲ್ಲ ಬಳಸಲೇಬೇಕು ಅನ್ನುವ ಹಟ ಬೇಡ. ಹತ್ತರಲ್ಲಿ ಏಳು ಗಟ್ಟಿ ಯಂತ್ರ ಇದ್ದರೆ ಸಾಕು, ಮೂರನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ಪ್ರತಿಯೊಂದನ್ನೂ ತೆರೆದು ಧೂಳು ತೆಗೆಯಿರಿ. ಮದರ್‌ಬೋರ್ಡ್ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಆ ಬೋರ್ಡ್ ಹೆಚ್ಚು ದಿನ ಬಾಳುವುದಿಲ್ಲ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಚುಚ್ಚದೆ, ಒತ್ತದೆ ಹೊರಗೆ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ.

ಆನ್ ಮಾಡಿದಾಗ ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಇದ್ದರೆ ಬಹುಪಾಲು ಸಲ ಯಂತ್ರದ ತಾತ್ಕಾಲಿಕ ಸ್ಮರಣೆಯ ಪಟ್ಟಿ, ಅಂದರೆ ರ‍್ಯಾಮ್ ಸಡಿಲವಾಗಿರುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಆ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಬದಿಯ ಕ್ಲಿಪ್ ಟಕ್ ಅನ್ನುವವರೆಗೆ ಕೂರಿಸಿ. "ಸತ್ತಿದೆ" ಎಂದು ಬದಿಗಿಟ್ಟ ಎಷ್ಟೋ ಯಂತ್ರ ಇಷ್ಟಕ್ಕೇ ಎದ್ದು ಕೂರುತ್ತವೆ. ಎದ್ದ ಮೇಲೆ ಆ ಸ್ಮರಣೆಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ 86 ಪ್ಲಸ್ ಅನ್ನು (ಇದಕ್ಕೆ ಬೇಕಾದ ಪೆನ್ ಡ್ರೈವ್ ತಯಾರಿ ನಾಲ್ಕನೇ ಹಂತದಲ್ಲಿದೆ) ಒಂದು ರಾತ್ರಿ ಓಡಿಸಿ. ಕೆಂಪು ಸಾಲು ಒಂದೇ ಒಂದು ಬಂದರೂ ಆ ರ‍್ಯಾಮ್ ಬೇಡ.

ಗಡಿಯಾರ ನೋಡಿ. ಪ್ರತಿ ಸಲ ಆನ್ ಮಾಡಿದಾಗ ವರ್ಷಗಳ ಹಿಂದಿನ ದಿನಾಂಕ ತೋರಿಸಿದರೆ ಒಳಗಿನ ಸೆಲ್ ಮುಗಿದಿದೆ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ದಿನಾಂಕ ತಪ್ಪಿದ್ದರೆ ಬ್ರೌಸರ್ ಸುಮಾರು ಎಲ್ಲ ಜಾಲತಾಣಕ್ಕೂ "ಸುರಕ್ಷಿತವಲ್ಲ" ಎಂದು ತಡೆ ಹಾಕುತ್ತದೆ. ನೀವು ಇಂಟರ್ನೆಟ್ ಕೆಟ್ಟಿದೆ ಎಂದು ವೈಫೈ ಹಿಂದೆ ಅಲೆಯುತ್ತಿರುತ್ತೀರಿ.

ಕೊನೆಗೆ ಡಿಸ್ಕ್. ಲೈವ್ ಪೆನ್ ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ) ಲಿನಕ್ಸ್ ಓಡಿಸಿ, ಡಿಸ್ಕ್ಸ್ ಅನ್ನುವ ಪ್ರೋಗ್ರಾಂನಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ದಾಖಲೆ) ತೆರೆಯಿರಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಪಡೆದ ಭಾಗಗಳ) ಸಂಖ್ಯೆ ಸೊನ್ನೆ ಇದ್ದರೆ ನೆಮ್ಮದಿ. ದಿನೇ ದಿನೇ ಏರುತ್ತಿದ್ದರೆ ಆ ಡಿಸ್ಕ್ ಸಾಯುತ್ತಿದೆ. ಹೊಸದಾಗಿ ಒಂದೇ ಒಂದು ವಸ್ತು ಕೊಳ್ಳಲು ಹಣ ಇದ್ದರೆ ಅದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಆಗಲಿ. ಹಳೆ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದಾಗ ಕಾಣುವ ವ್ಯತ್ಯಾಸ ಬೇರೆ ಯಾವುದರಿಂದಲೂ ಬರುವುದಿಲ್ಲ. ಡಿಸ್ಕ್ ಉಳಿಸಿಕೊಳ್ಳುವುದಾದರೆ ಹಳೆ ಮಾಲೀಕರ ಕಡತ, ಫೋಟೋ ಎಲ್ಲ ಪೂರ್ತಿ ಅಳಿಸಿ. ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಸಾಲದು, ಡಿಸ್ಕ್ಸ್‌ನಲ್ಲೇ ಎಲ್ಲದರ ಮೇಲೂ ಸೊನ್ನೆ ಬರೆಯುವ ಆಯ್ಕೆ ಇದೆ.

3. ಡಿಸ್ಟ್ರೋ (ಲಿನಕ್ಸ್‌ನ ಸಿದ್ಧ ಆವೃತ್ತಿ): ಎಲ್ಲ ಯಂತ್ರಕ್ಕೂ ಒಂದೇ

ಇಲ್ಲಿ ಜಾಸ್ತಿ ಚರ್ಚೆ ಬೇಡ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿಯಲ್ಲೂ ಅದು ಓಡುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದ ಕೂಡಲೇ ಯಂತ್ರ ಒದ್ದಾಡುತ್ತದೆ. ಅಂಥವನ್ನು ಚಿತ್ರ ಬಿಡಿಸಲು, ಟೈಪಿಂಗ್‌ಗೆ ಮೀಸಲಿಡಿ. 32-ಬಿಟ್ ಪ್ರೊಸೆಸರ್ ಇದ್ದರೆ ದಾರಿ ಕಿರಿದಾಗುತ್ತಿದೆ: 2025ರಲ್ಲಿ ಬಂದ ಇನ್ನೊಂದು ಡಿಸ್ಟ್ರೋ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ರೇ ಇಲ್ಲ. ಅಂಥ ಯಂತ್ರವನ್ನು ಬಿಚ್ಚಿ ಒಳಭಾಗ ತೋರಿಸುವ ಪಾಠಕ್ಕೆ ಇಟ್ಟುಕೊಳ್ಳುವುದೇ ವಾಸಿ.

ಕೊಟ್ಟವರು ವಿಂಡೋಸ್ 10 ಹಾಗೇ ಬಿಟ್ಟಿದ್ದರೆ ಅದರ ಪಕ್ಕದಲ್ಲಿ ಲಿನಕ್ಸ್ ಹಾಕುವ ಆಸೆ ಬರುತ್ತದೆ. ಬೇಡ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಅದೂ ಅಲ್ಲದೆ, ಎರಡು ವ್ಯವಸ್ಥೆ ಇದ್ದರೆ ಮಕ್ಕಳು ಎರಡರಲ್ಲೂ ಅರ್ಧಂಬರ್ಧ ಕಡತ ಬಿಟ್ಟು, ಬೇಕಾದಾಗ ಎಲ್ಲೂ ಸಿಗದೆ ಅಳುತ್ತಾರೆ.

4. ಮಾದರಿ ಯಂತ್ರ ತಯಾರಿಸಿ

ಇರುವುದರಲ್ಲಿ ಸಾಧಾರಣ ಯಂತ್ರವನ್ನು ಮಾದರಿಯಾಗಿ ಆರಿಸಿ. ಬಹಳ ಒಳ್ಳೆಯದು ಬೇಡ. ಡಿಸ್ಕ್ ಗಾತ್ರದಲ್ಲಂತೂ ಎಲ್ಲಕ್ಕಿಂತ ಚಿಕ್ಕದೇ ಇರಲಿ, ಕಾರಣ ಒಂಬತ್ತನೇ ಹಂತದಲ್ಲಿ ಗೊತ್ತಾಗುತ್ತದೆ.

ಐಎಸ್‌ಒ ಕಡತ (ಇನ್‌ಸ್ಟಾಲ್ ಮಾಡಲು ಬೇಕಾದ ಡಿಸ್ಕಿನ ಪ್ರತಿ) ಇಳಿಸಿಕೊಂಡ ಮೇಲೆ ಅದರ ಚೆಕ್‌ಸಮ್ (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಖ್ಯೆ) ತಾಳೆ ನೋಡಿ. ನಿಧಾನದ ಸಂಪರ್ಕದಲ್ಲಿ ಕಡತ ಅರ್ಧ ಕೆಟ್ಟು ಇಳಿಯುವುದು ಮಾಮೂಲು, ಅದು ಇನ್‌ಸ್ಟಾಲ್ ಮಧ್ಯದಲ್ಲಿ ಕೈಕೊಟ್ಟರೆ ಕಾರಣ ಹುಡುಕಲು ಇಡೀ ದಿನ ಹೋಗುತ್ತದೆ. ಪೆನ್ ಡ್ರೈವಿಗೆ ವೆಂಟಾಯ್ (ಹಲವು ಐಎಸ್‌ಒಗಳನ್ನು ಒಂದರಿಂದಲೇ ಶುರುಮಾಡಿಸುವ ತಂತ್ರಾಂಶ) ಹಾಕಿಕೊಂಡರೆ ಮಿಂಟ್, ಕ್ಲೋನ್‌ಜಿಲ್ಲಾ (ಡಿಸ್ಕಿನ ನಕಲು ತೆಗೆಯುವ ತಂತ್ರಾಂಶ), ಮೆಮ್‌ಟೆಸ್ಟ್ ಮೂರೂ ಒಂದರಲ್ಲೇ ಇರುತ್ತವೆ. ಬೂಟ್ ಮೆನು (ಯಂತ್ರ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ತೆರೆಯುವ ಕೀಲಿ ಒಂದೊಂದು ಯಂತ್ರಕ್ಕೆ ಒಂದೊಂದು: ಎಫ್ 12, ಎಫ್ 9, ಎಸ್ಕೇಪ್. ಸಿಕ್ಕಿದ ಕೂಡಲೇ ಯಂತ್ರದ ಮೇಲೆ ಚೀಟಿ ಅಂಟಿಸಿ.

ಇನ್‌ಸ್ಟಾಲ್ ಮಾಡುವ ಮುಂಚೆ ಲೈವ್ ಆಗಿಯೇ ವೈಫೈ, ಸದ್ದು, ಪರದೆಯ ಅಳತೆ ನೋಡಿ. ವೈಫೈ ಕಾಣಿಸದಿದ್ದರೆ ಗಾಬರಿ ಬೇಡ. ಕೇಬಲ್ ಹಾಕಿ, ಇನ್‌ಸ್ಟಾಲ್ ಮುಗಿಸಿ, ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ತರದ ಚಿಪ್‌ಗಳಿಗೆ ಬೇಕಾದ್ದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

5. ಕನ್ನಡ ಬರೆಯುವ ವ್ಯವಸ್ಥೆ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಬಿಟ್ಟರೆ ಏನಾಗುತ್ತದೆ ಗೊತ್ತಾ? ತನ್ನ ಹೆಸರನ್ನೂ ತನ್ನ ಭಾಷೆಯಲ್ಲಿ ಬರೆಯಲಾಗದ ಮಗು ಕಂಪ್ಯೂಟರ್ ಅಂದರೆ ಇಂಗ್ಲಿಷ್ ಬಂದವರಿಗೆ ಮಾತ್ರ ಎಂದು ಮೊದಲ ದಿನವೇ ತೀರ್ಮಾನಿಸುತ್ತದೆ.

ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಭಾರತೀಯ ವಿನ್ಯಾಸಗಳ ಗುಂಪಿಗೆ ಹೋಗಿ "ಕನ್ನಡ ಕಗಪ" (ಇಂಗ್ಲಿಷ್ ಕೀಲಿಗಳ ಉಚ್ಚಾರಕ್ಕೆ ಬಹುಪಾಲು ಹೊಂದುವ ವಿನ್ಯಾಸ) ಸೇರಿಸಿ. ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ವಿನ್ಯಾಸ) ಬೇಕೆಂದರೆ ಅದೂ ಅಲ್ಲೇ ಇದೆ. ಎರಡರಲ್ಲಿ ಒಂದನ್ನು ಆರಿಸಿ, ಎಲ್ಲ ಯಂತ್ರದಲ್ಲೂ ಅದೊಂದೇ ಇರಲಿ. ಕಗಪದಲ್ಲಿ ಮಕ್ಕಳು ಮುಗ್ಗರಿಸುವುದು ಒತ್ತಕ್ಷರಕ್ಕೆ. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು: ಎಫ್ ಕೀಲಿ ಎರಡು ನಕಾರಗಳನ್ನು ಬೆಸೆಯುತ್ತದೆ, ಡಕಾರ ಡಬ್ಲ್ಯು ಮೇಲೆ ಕೂತಿದೆ. ಇದೊಂದು ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಫಾಂಟ್ ಇದೆಯೇ ನೋಡಿ. ಲಿಬ್ರೆ ಆಫೀಸ್‌ನಲ್ಲಿ ರಾಷ್ಟ್ರ, ಲಕ್ಷ್ಮಿ, ಕಾರ್ಯ, ವೈಶಿಷ್ಟ್ಯ ಎಂದು ಬರೆದು, ಪಿಡಿಎಫ್ ಮಾಡಿ, ಅದರಲ್ಲೂ ಒತ್ತು ಸರಿಯಾಗಿ ಬಂದಿದೆಯೇ ಪರೀಕ್ಷಿಸಿ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಕಡತ ಕೆಟ್ಟಿಲ್ಲ. ಅದು ಯೂನಿಕೋಡ್‌ಗೂ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಹಿಂದಿನ ಫಾಂಟ್‌ನಲ್ಲಿದೆ, ಪರಿವರ್ತಕ ಬಳಸಿ ಬದಲಾಯಿಸಿಕೊಳ್ಳಬೇಕು.

ಮೆನುಗಳೂ ಕನ್ನಡದಲ್ಲಿರಬೇಕಾ? ಚಿಕ್ಕ ಮಕ್ಕಳಿಗೆ ಇರಲಿ. ದೊಡ್ಡವರಿಗೆ ಇಂಗ್ಲಿಷ್ ಮೆನು, ಕನ್ನಡ ಬರಹ ಸಾಕು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ನಾಳೆ ಅವರು ಬೇರೆ ಕಡೆ ಕೂರುವ ಯಂತ್ರದಲ್ಲಿ ಕಾಣುವುದು ಫೈಲ್, ಎಡಿಟ್, ಸೇವ್ ಅನ್ನುವ ಪದಗಳೇ. ಭಾಷೆ ಬದಲಿಸಿದಾಗ ಫೋಲ್ಡರ್ ಹೆಸರುಗಳನ್ನೂ ಬದಲಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಒಂದೊಂದು ಯಂತ್ರದಲ್ಲಿ ಒಂದೊಂದು ಹೆಸರಿದ್ದರೆ ಪಾಠ ಮಾಡುವವರ ಗತಿ ಕಷ್ಟ.

6. ತಂತ್ರಾಂಶ: ಕಡಿಮೆ ಇದ್ದಷ್ಟೂ ಒಳ್ಳೆಯದು

ಡೆಸ್ಕ್‌ಟಾಪ್ ಮೇಲೆ ಆರೇಳು ಐಕಾನ್‌ಗಿಂತ ಜಾಸ್ತಿ ಬೇಡ. ಚಿಕ್ಕವರಿಗೆ ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಮತ್ತು ಕಲಿಕೆಯ ಆಟಗಳಿಗೆ ಜಿಕಾಂಪ್ರಿ (2ರಿಂದ 10 ವರ್ಷದವರಿಗೆಂದೇ ಮಾಡಿದ್ದು). ಬೆರಳು ಪಳಗಲು ಕೆಟಚ್ ಅಥವಾ ಕ್ಲಾವರೊ. ಬರೆಯಲು, ಲೆಕ್ಕಕ್ಕೆ ಲಿಬ್ರೆ ಆಫೀಸ್. ತುಣುಕು ಜೋಡಿಸಿ ಪ್ರೋಗ್ರಾಂ ಮಾಡುವುದನ್ನು ಕಲಿಸುವ ಸ್ಕ್ರಾಚ್‌ನ ಅಧಿಕೃತ ಆಫ್‌ಲೈನ್ ಆ್ಯಪ್ ಲಿನಕ್ಸ್‌ಗೆ ಇಲ್ಲ, ಅದರ ಬದಲು ಟರ್ಬೋವಾರ್ಪ್‌ನ ಡೆಸ್ಕ್‌ಟಾಪ್ ಆವೃತ್ತಿ ಹಾಕಿ, ಇಂಟರ್ನೆಟ್ ಬೇಕಿಲ್ಲ. ಕಣ್ಣು ಕಾಣದ ಮಗು ಇದ್ದರೆ ಓರ್ಕಾ ಎನ್ನುವ ಪರದೆ ಓದುಗ ಇದೆ. ಅದರ ಜೊತೆಗಿನ ಇಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತದೆ. ದನಿ ಒರಟು, ಆದರೆ ಅರ್ಥವಾಗುತ್ತದೆ.

ಇಂಟರ್ನೆಟ್ ಇಲ್ಲದಿದ್ದರೆ ಕಿವಿಕ್ಸ್. ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಓದಬಹುದು. ಚಿತ್ರ ಸಮೇತ ಇಡೀ ಇಂಗ್ಲಿಷ್ ವಿಕಿಪೀಡಿಯ 100 ಜಿಬಿ ದಾಟುತ್ತದೆ, ಅದು ಬೇಡ. ಕನ್ನಡದ್ದು ಬಹಳ ಚಿಕ್ಕದು. ಒಂದು ಯಂತ್ರದಲ್ಲಿ ಕಿವಿಕ್ಸ್‌ನ ಸರ್ವರ್ ಓಡಿಸಿದರೆ ಉಳಿದವರು ಸ್ವಿಚ್ ಮೂಲಕ ಬ್ರೌಸರ್‌ನಲ್ಲೇ ನೋಡಬಹುದು.

ಒಂದು ಎಚ್ಚರ: ಖಾತೆ ತೆರೆಯಲು ಮೊಬೈಲ್ ನಂಬರ್ ಅಥವಾ ಇಮೇಲ್ ಕೇಳುವ ಯಾವುದನ್ನೂ ಪಾಠಕ್ಕೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಫೋನ್ ಇಲ್ಲದ ಮಗು ಅಲ್ಲೇ ಹಿಂದೆ ಬೀಳುತ್ತದೆ, ಎಲ್ಲರ ಮುಂದೆ.

7. ಖಾತೆಗಳು ಮತ್ತು ಬೀಗ

ಮಕ್ಕಳ ಖಾತೆ ಅಡ್ಮಿನ್ ಆಗಿರಬಾರದು. ಅತಿಥಿ ಸೆಷನ್ ಸುಲಭ ಅನ್ನಿಸುತ್ತದೆ, ಆದರೆ ಲಾಗ್‌ಔಟ್ ಆದ ಕೂಡಲೇ ಅದರಲ್ಲಿ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಕಷ್ಟಪಟ್ಟು ಬಿಡಿಸಿದ ಚಿತ್ರ ಮಾಯವಾದ ಮೇಲೆ ಮಗುವಿಗೆ ಮತ್ತೆ ಕೂರುವ ಮನಸ್ಸಿರುವುದಿಲ್ಲ. ತರಗತಿಗೊಂದು ಸಾಮಾನ್ಯ ಖಾತೆ, ಅದರೊಳಗೆ ಪ್ರತಿ ಮಗುವಿನ ಹೆಸರಿನ ಫೋಲ್ಡರ್ ಇದ್ದರೆ ಸಾಕು.

ಅಡ್ಮಿನ್ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಡಿ. ತಜ್ಞರು ಬೈಯಬಹುದು, ಪರವಾಗಿಲ್ಲ. ಇಂಥ ಲ್ಯಾಬಿನಲ್ಲಿ ಪಾಸ್‌ವರ್ಡ್ ಕಳುವಾಗುವುದಕ್ಕಿಂತ ಮರೆತುಹೋಗುವುದೇ ಜಾಸ್ತಿ.

ಇಂಟರ್ನೆಟ್ ಇದ್ದರೆ ರೂಟರ್‌ನಲ್ಲೇ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಅನ್ನು 1.1.1.3ಕ್ಕೆ ಬದಲಿಸಿ, ಅದು ವಯಸ್ಕರ ತಾಣಗಳನ್ನೂ ಅಪಾಯದ ತಾಣಗಳನ್ನೂ ತಡೆಯುತ್ತದೆ. ಫೈರ್‌ಫಾಕ್ಸ್‌ಗೆ ಯೂಬ್ಲಾಕ್ ಒರಿಜಿನ್ ಸೇರಿಸಿ. ಜಾಹೀರಾತು ಇಲ್ಲದಿದ್ದರೆ ಹಳೆ ಯಂತ್ರ ಹಗುರಾಗುತ್ತದೆ, "ನೀವು ಗೆದ್ದಿದ್ದೀರಿ" ಅನ್ನುವ ಗುಂಡಿಯನ್ನು ಒತ್ತುವವರೂ ಇರುವುದಿಲ್ಲ. ಇಷ್ಟಾದರೂ ಪರದೆಗಳೆಲ್ಲ ಕಲಿಸುವವರಿಗೆ ಕಾಣುವಂತೆ ಮಕ್ಕಳು ಗೋಡೆಗೆ ಬೆನ್ನು ಹಾಕಿ ಕೂರದ ಹಾಗೆ ಜೋಡಿಸುವುದೇ ಎಲ್ಲಕ್ಕಿಂತ ಗಟ್ಟಿ ಫಿಲ್ಟರ್.

8. ಈಗ ಮಕ್ಕಳನ್ನು ಕೂರಿಸಿ

ನಕಲು ಮಾಡುವ ಮುಂಚೆ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಮಾದರಿ ಯಂತ್ರದ ಮುಂದೆ ಬಿಡಿ. ನೀವು ಕೈ ಕಟ್ಟಿಕೊಂಡು ಕೂರಿ. ಹೇಳಿಕೊಡಬೇಡಿ, ಎಲ್ಲಿ ನಿಂತರು ಎಂದು ಬರೆದುಕೊಳ್ಳಿ.

ಏನು ಕಾಣುತ್ತದೆ ಎಂದು ಈಗಲೇ ಹೇಳಬಲ್ಲೆ. ಡಬಲ್ ಕ್ಲಿಕ್ ಆಗುವುದಿಲ್ಲ: ಎರಡು ಒತ್ತಿನ ನಡುವೆ ಮೌಸ್ ಜಾರಿ ಐಕಾನ್ ಬೇರೆ ಕಡೆ ಹೋಗಿ ಬೀಳುತ್ತದೆ. ಮೌಸ್ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ಸಮಯ ಹೆಚ್ಚಿಸಿ, ಪಾಯಿಂಟರ್ ದೊಡ್ಡದು ಮಾಡಿ, ಕಡತಗಳು ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಇಡಿ. ಫೋನ್ ಬಳಸಿ ಗೊತ್ತಿರುವವರು ಪರದೆಯನ್ನೇ ಬೆರಳಿನಿಂದ ಉಜ್ಜುತ್ತಾರೆ. ಅವರಿಗೆ ಆ್ಯಪ್ ಗೊತ್ತು, ಫೋಲ್ಡರ್ ಅಂದರೆ ಏನೆಂದು ಗೊತ್ತಿಲ್ಲ. ತಪ್ಪಾಗಿ ಪ್ಯಾನೆಲ್ (ಪರದೆಯ ಅಂಚಿನಲ್ಲಿ ಮೆನು ಇರುವ ಪಟ್ಟಿ) ಎಳೆದು ಅಳಿಸುವವರೂ ಇರುತ್ತಾರೆ, ಪ್ಯಾನೆಲ್ ಲಾಕ್ ಮಾಡಿ. ಇದೆಲ್ಲ ಸರಿಪಡಿಸಿ ಇನ್ನೊಮ್ಮೆ ಕೂರಿಸಿ.

9. ನಕಲು ತೆಗೆದು ಹಂಚಿ

ಕ್ಲೋನ್‌ಜಿಲ್ಲಾದಿಂದ ಬೂಟ್ ಮಾಡಿ ಮಾದರಿ ಯಂತ್ರದ ಇಡೀ ಡಿಸ್ಕಿನ ಚಿತ್ರವನ್ನು (ಇಮೇಜ್, ಅಂದರೆ ಪೂರ್ತಿ ಪ್ರತಿ) ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದುಕೊಳ್ಳಿ, ಆಮೇಲೆ ಒಂದೊಂದಕ್ಕೂ ಇಳಿಸಿ. ಮೂಲಕ್ಕಿಂತ ಚಿಕ್ಕ ಡಿಸ್ಕಿಗೆ ಅದು ಇಳಿಯುವುದಿಲ್ಲ, ಮಾದರಿಗೆ ಚಿಕ್ಕ ಡಿಸ್ಕ್ ಇರಲಿ ಅಂದದ್ದು ಇದಕ್ಕೇ. ಮೂಲ ಯಾವುದು, ಗುರಿ ಯಾವುದು ಎಂದು ಎರಡು ಸಲ ಓದಿ. ತಿರುಗುಮುರುಗಾದರೆ ಮಾಡಿದ್ದೆಲ್ಲ ಹೋಯಿತು. ಒಂದು ಯಂತ್ರ ಯುಇಎಫ್‌ಐ, ಇನ್ನೊಂದು ಹಳೆ ಬಯೋಸ್ ಕ್ರಮದಲ್ಲಿದ್ದರೆ (ಇವೆರಡೂ ಯಂತ್ರ ಶುರುವಾಗುವ ಬಗೆಗಳು) ನಕಲು ಇಳಿದರೂ ಬೂಟ್ ಆಗದೆ ಇರಬಹುದು. ಅಂಥವನ್ನು ಬೇರೆ ಗುಂಪು ಮಾಡಿ.

ಇಳಿಸಿದ ಮೇಲೆ ಪ್ರತಿ ಯಂತ್ರದ ಹೋಸ್ಟ್ ಹೆಸರು (ನೆಟ್‌ವರ್ಕ್‌ನಲ್ಲಿ ಕಾಣುವ ಹೆಸರು) ಬದಲಿಸಿ, ಅದೇ ಹೆಸರಿನ ಚೀಟಿ ಹೊರಗೂ ಅಂಟಿಸಿ.

ಕಲಿಸುವವರು ಎಲ್ಲರ ಪರದೆ ಒಂದೇ ಕಡೆ ನೋಡಲು ವೇಯಾನ್ ಹಾಕುವುದಾದರೆ ಒಂದು ಮಾತು ನೆನಪಿಡಿ. ಅದರ ಖಾಸಗಿ ಕೀಲಿ (ಬೇರೆಯವರ ಪರದೆ ನೋಡಲು ಅನುಮತಿ ಕೊಡುವ ಕಡತ) ಕಲಿಸುವವರ ಯಂತ್ರದಲ್ಲಿ ಮಾತ್ರ ಇರಬೇಕು, ಮಕ್ಕಳ ಯಂತ್ರಗಳಿಗೆ ಸಾರ್ವಜನಿಕ ಕೀಲಿ. ಎರಡೂ ಮಾದರಿ ಯಂತ್ರದಲ್ಲಿರುವಾಗಲೇ ನಕಲು ತೆಗೆದರೆ ಯಾರ ಪರದೆಯನ್ನು ಯಾರು ಬೇಕಾದರೂ ನೋಡಬಹುದು, ಮಕ್ಕಳು ಅದನ್ನು ನಿಮಗಿಂತ ಬೇಗ ಪತ್ತೆ ಹಚ್ಚುತ್ತಾರೆ. ಇನ್ನೊಂದು, ವೇಯಾನ್ ವೇಲ್ಯಾಂಡ್ ಸೆಷನ್‌ನಲ್ಲಿ ಸರಿಯಾಗಿ ನಡೆಯುವುದಿಲ್ಲ, ಎಕ್ಸ್ 11 ಬೇಕು (ಎರಡೂ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಗಳು). ಮಿಂಟ್ ಎಕ್ಸ್‌ಎಫ್‌ಸಿಇಯಲ್ಲಿ ಈ ತೊಂದರೆ ಇಲ್ಲ.

10. ಮೊದಲ ಪಾಠಗಳ ಕ್ರಮ

ಕಂಪ್ಯೂಟರಿನ ಭಾಗಗಳ ಹೆಸರು ಬಾಯಿಪಾಠ ಮಾಡಿಸಿ ಶುರು ಮಾಡಬೇಡಿ. ದಯವಿಟ್ಟು.

ಮೊದಲು ಆನ್ ಮಾಡುವುದು, ಸರಿಯಾಗಿ ಆಫ್ ಮಾಡುವುದು, ಟಕ್ಸ್ ಪೇಂಟ್. ಮೌಸ್ ಎಳೆಯುವುದು ಅಲ್ಲೇ ಕೈಗೆ ಬರುತ್ತದೆ. ಆಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ತನ್ನ ಫೋಲ್ಡರಿಗೆ ಸೇವ್ ಮಾಡುವುದು, ಯಂತ್ರ ಆಫ್ ಮಾಡಿ ಮತ್ತೆ ಆನ್ ಮಾಡಿ ಅದನ್ನೇ ಹುಡುಕಿ ತೆರೆಯುವುದು. ಈ ಎರಡನೆಯ ಕೆಲಸಕ್ಕೆ ಎಷ್ಟು ತರಗತಿ ಹಿಡಿದರೂ ಬಿಡಬೇಡಿ. "ನಾನು ಬರೆದದ್ದು ಎಲ್ಲಿ ಹೋಯ್ತು?" ಅನ್ನುವ ಪ್ರಶ್ನೆಗೆ ಮಗು ತಾನೇ ಉತ್ತರ ಹುಡುಕುವಂತಾದ ಮೇಲೆ ಉಳಿದದ್ದು ಸಲೀಸು. ಹಳೆಯ ಕಡತಕ್ಕೆ ಹೊಸ ಹೆಸರು ಕೊಡುವುದು, ನಕಲಿಸುವುದು, ಪೆನ್ ಡ್ರೈವಿಗೆ ಹಾಕಿ ಸರಿಯಾಗಿ ಹೊರತೆಗೆಯುವುದು ಅದರ ಬೆನ್ನಿಗೇ ಬರಲಿ.

ಟೈಪಿಂಗ್ ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಮಾತ್ರ. ಇಡೀ ತರಗತಿ ಅದೇ ಮಾಡಿಸಿದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ.

ಯಂತ್ರಕ್ಕೆ ಇಬ್ಬರಿದ್ದರೆ ಒಳ್ಳೆಯದೇ, ಮೂವರಾದರೆ ಒಬ್ಬರು ಸುಮ್ನೆ ನೋಡುತ್ತಾರೆ. ಇಬ್ಬರಲ್ಲೂ ಚುರುಕಾದವರ ಕೈಯಲ್ಲೇ ಮೌಸ್ ಉಳಿಯುತ್ತದೆ, ಹುಡುಗ ಹುಡುಗಿ ಜೋಡಿಯಲ್ಲಂತೂ ಬಹುಪಾಲು ಹುಡುಗನ ಕೈಯಲ್ಲಿ. ಗಂಟೆ ಬಾರಿಸಿ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಕಲಿಸುವವರಿಗೂ ಒಂದು ನಿಯಮ: ಮಗುವಿನ ಮೌಸ್ ಮುಟ್ಟಬಾರದು, ಬಾಯಲ್ಲೇ ಹೇಳಬೇಕು. ಪಾಲಿಸುವುದು ಕಷ್ಟ, ಕೈ ತಾನಾಗಿ ಮುಂದೆ ಹೋಗುತ್ತದೆ.

ಸ್ಕ್ರಾಚ್, ಸ್ಪ್ರೆಡ್‌ಶೀಟ್, ಹುಡುಕಾಟ ಇವೆಲ್ಲ ಆಮೇಲೆ. ಲೆಕ್ಕದ ಹಾಳೆಗೆ ಪುಸ್ತಕದ ಉದಾಹರಣೆ ಬೇಡ, ತಮ್ಮದೇ ತರಗತಿಯವರ ಎತ್ತರ ಅಳೆದು ಹಾಕಲಿ. ಕಡತ ಬೇರೆ ಕಡೆ ಕಳಿಸಬೇಕಾದರೆ ಪಿಡಿಎಫ್ ಮಾಡಿ ಕಳಿಸುವುದನ್ನು ಮೊದಲೇ ಕಲಿಸಿ, ಇಲ್ಲವಾದರೆ ಇನ್ನೊಂದು ತಂತ್ರಾಂಶದಲ್ಲಿ ಅಕ್ಷರ ಹರಡಿಹೋದಾಗ ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

11. ನಿರ್ವಹಣೆ ಮಕ್ಕಳ ಕೈಗೆ

ದೊಡ್ಡ ಮಕ್ಕಳಲ್ಲಿ ಮೂರು ನಾಲ್ಕು ಜನರನ್ನು ಆರಿಸಿ. ಅಂಕ ಜಾಸ್ತಿ ಇರುವವರೇ ಆಗಬೇಕಿಲ್ಲ, ಬಿಚ್ಚಿ ನೋಡುವ ಚಟ ಇರುವವರು ಸಾಕು. ರ‍್ಯಾಮ್ ಕೂರಿಸುವುದು, ಕೇಬಲ್ ಪರೀಕ್ಷೆ, ಕ್ಲೋನ್‌ಜಿಲ್ಲಾದಿಂದ ಯಂತ್ರವನ್ನು ಮೊದಲಿನಂತೆ ಮಾಡುವುದು ಅವರಿಗೆ ಬರಲಿ. ಏನು ಕೆಟ್ಟಿತು, ಏನು ಮಾಡಿದರು ಎಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಬೇಕು.

ವ್ಯವಸ್ಥೆಯ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಟೈಮ್‌ಶಿಫ್ಟ್ ಆನ್ ಮಾಡಿಡಿ, ಕೆಟ್ಟ ಅಪ್‌ಡೇಟ್‌ನಿಂದ ಹಿಂದಕ್ಕೆ ಬರಬಹುದು. ಆದರೆ ಅದು ಮಕ್ಕಳ ಕಡತಗಳನ್ನು ತಾನಾಗಿ ಉಳಿಸುವುದಿಲ್ಲ. ಅವುಗಳ ನಕಲು ಪ್ರತ್ಯೇಕವಾಗಿ ಹೊರಗಿನ ಡಿಸ್ಕಿಗೆ ಹೋಗಬೇಕು, ಮತ್ತು ಕ್ಲೋನ್‌ಜಿಲ್ಲಾ ಚಿತ್ರ ಮತ್ತೆ ಇಳಿಸಿದರೆ ಆ ಯಂತ್ರದಲ್ಲಿದ್ದ ಕೆಲಸವೆಲ್ಲ ಹೋಗುತ್ತದೆ ಎನ್ನುವುದನ್ನು ಆ ಹುಡುಗರಿಗೆ ಬಿಡಿಸಿ ಹೇಳಿ.

ಅಪ್‌ಡೇಟ್ ತರಗತಿಯ ಹೊತ್ತಿನಲ್ಲಿ ಬೇಡ, ಕರೆಂಟ್ ಹೋಗುವ ಭಯ ಇರುವಾಗಲಂತೂ ಬೇಡವೇ ಬೇಡ. ಅರ್ಧದಲ್ಲಿ ನಿಂತರೆ ಬೂಟ್ ಮೆನುವಿನ ರಿಕವರಿ ಮೋಡ್‌ಗೆ ಹೋಗಿ ಮುರಿದ ಪ್ಯಾಕೇಜ್ ಸರಿಪಡಿಸುವ ಆಯ್ಕೆ ಒತ್ತಿ. ಡೇಟಾ ಕಡಿಮೆ ಇದ್ದರೆ ಒಂದು ಯಂತ್ರದಲ್ಲಿ ಆ್ಯಪ್ಟ್ ಕ್ಯಾಶರ್ ಎನ್‌ಜಿ ಹಾಕಿ, ಉಳಿದವನ್ನು ಅದರ ಕಡೆ ತಿರುಗಿಸಿ. ಒಮ್ಮೆ ಇಳಿಸಿದ್ದನ್ನು ಎಲ್ಲವೂ ಹಂಚಿಕೊಳ್ಳುತ್ತವೆ.

ಎಚ್ಚರಿಕೆಯ ಲಕ್ಷಣಗಳು

ಯಂತ್ರ ಹತ್ತು ಹದಿನೈದು ನಿಮಿಷ ಓಡಿ ತಾನೇ ಆಫ್ ಆದರೆ ಬಿಸಿ ಕಾರಣ ಇರಬಹುದು, ಫ್ಯಾನಿನ ಧೂಳು ಮತ್ತು ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ನೋಡಿ. ಕಡತ ಸೇವ್ ಆಗುತ್ತಿಲ್ಲ ಅಂದರೆ ಡಿಸ್ಕ್ ತುಂಬಿದೆಯೇ ನೋಡಿ, ಟೈಮ್‌ಶಿಫ್ಟ್ ಹಳೆ ಪ್ರತಿಗಳನ್ನು ಪೇರಿಸಿಟ್ಟಿರುವುದು ಸಾಮಾನ್ಯ, ಎರಡು ಮೂರಕ್ಕೆ ಮಿತಿ ಹಾಕಿ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಆ ಕ್ಷಣವೇ ಕಡತಗಳನ್ನು ಹೊರಗೆ ತೆಗೆಯಿರಿ.

ಯಂತ್ರಕ್ಕೆ ಸಂಬಂಧವಿಲ್ಲದ ಲಕ್ಷಣಗಳೂ ಇವೆ. ಲ್ಯಾಬಿನಲ್ಲಿ ಆಟದ ಐಕಾನ್ ಮಾತ್ರ ತೆರೆದಿದ್ದರೆ, ನೋಟ್‌ಬುಕ್ಕಿನಲ್ಲಿ ವಾರಗಟ್ಟಲೆ ಒಂದು ಸಾಲೂ ಬಿದ್ದಿಲ್ಲದಿದ್ದರೆ, ಮಕ್ಕಳ ಫೋಲ್ಡರುಗಳಲ್ಲಿ ಕೊನೆಯ ಕಡತದ ದಿನಾಂಕ ಹಿಂದಿನ ತಿಂಗಳದ್ದಾಗಿದ್ದರೆ ಹೊಸ ತಂತ್ರಾಂಶ ಹಾಕಲು ಹೋಗಬೇಡಿ. ಒಂದನೇ ಹಂತದಲ್ಲಿ ಬರೆದಿಟ್ಟ ಆ ಹೆಸರಿನವರನ್ನು ಹೋಗಿ ಮಾತಾಡಿಸಿ.